ನಾಮ್ಚೆ ಬಜಾರಿನ ಎರಡನೇ ರಾತ್ರಿ

ರಜೆಗೆ ನೇಪಾಳ ಅನ್ನೋ ಪ್ಲ್ಯಾನ್ ಈಗ ಹಾಸ್ಟೆಲಿನ ಪ್ರತಿ ಫ್ಲೋರಿನಲ್ಲೂ ಓಡ್ತಿದೆ. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ರೆ ವೋಟರ್ ಐಡಿ ನಡೆಯುತ್ತೆ, ನಮ್ಮ 100 ರೂಪಾಯಿ ಅಲ್ಲಿ 160. ಬ್ಯಾಗ್ ಹಾಕ್ಕೊಂಡು ಫಾರಿನ್‌ಗೆ ಹೋಗಿ ಬಂದೆ ಅಂತ ಹೇಳ್ಕೊಳ್ಳೋಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಹೋಗೋದಕ್ಕೆ ನನ್ನ ತಕರಾರಿಲ್ಲ, ನಮ್ಮ ಗುಂಪಿನದೂ ದಸರಾ ರಜೆಯ ಪ್ಲ್ಯಾನ್ ಇದೆ. ತಕರಾರು ಇರೋದು ಕತ್ತರಿ ಹಾಕೋ ಜಾಗದ ಬಗ್ಗೆ. ಎವರೆಸ್ಟ್ ಬೇಸ್ ಕ್ಯಾಂಪಿಗೆ ದಿನ ಸಾಲದಿದ್ರೆ ನಮ್ಮ ಹುಡುಗರು ಮೊದಲು ತೆಗೆಯೋದು ನಾಮ್ಚೆ ಬಜಾರಿನ ಎರಡನೇ ರಾತ್ರಿ. 'ಬರೀ ಅಂಗಡಿಗಳು, ಅಲ್ಲಿ ಏನ್ ನೋಡೋದೈತಿ?' ಅಂತ.

ಆ ರಾತ್ರಿ ಅಂಗಡಿ ನೋಡೋಕೆ ಇಟ್ಟಿದ್ದಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಬದಲಾಗಲ್ಲ, ಅದು ಎಲ್ಲಾ ಕಡೆ ಸುಮಾರು ಶೇ 21. ಕಡಿಮೆ ಆಗೋದು ಗಾಳಿಯ ಒತ್ತಡ. 3,440 ಮೀಟರ್ ಎತ್ತರದ ನಾಮ್ಚೆಯಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು, 5,364 ಮೀಟರಿನ ಬೇಸ್ ಕ್ಯಾಂಪಿನಲ್ಲಿ ಹೆಚ್ಚುಕಡಿಮೆ ಅರ್ಧ. ದೇಹ ಮೊದಲು ಉಸಿರಾಟ ಜಾಸ್ತಿ ಮಾಡುತ್ತೆ. ಆಮೇಲೆ ಕಿಡ್ನಿಗಳು ರಕ್ತವನ್ನ ಅದಕ್ಕೆ ಸರಿಹೊಂದಿಸೋಕೆ ದಿನಗಳು ಬೇಕು, ಕೆಂಪು ರಕ್ತಕಣ ಹೆಚ್ಚಾಗೋಕೆ ವಾರಗಳು. ಹೊಸ ಊರಿನ ನೀರು ಒಗ್ಗೋಕೆ ಎರಡು ದಿನ ಬೇಕು ಅಂತ ಮನೆಯಲ್ಲಿ ಹೇಳ್ತಾರಲ್ಲ, ಗಾಳಿಗೂ ಅದೇ ಮಾತು.

'ನಾವು ಫಿಟ್ ಇದ್ದೀವಿ ಬಿಡಪಾ' ಅನ್ನೋರಿಗೆ ಒಂದು ಲೆಕ್ಕ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು 2,500 ಮೀಟರಿನ ಆಸುಪಾಸು. ಅಂದ್ರೆ ಇಡೀ ರಾಜ್ಯದ ಬೆಟ್ಟಗಳನ್ನೆಲ್ಲ ಹತ್ತಿ ಇಳಿದ್ರೂ ಇದರ ಪ್ರಾಕ್ಟೀಸ್ ಆಗಲ್ಲ. ನನ್ನೂರು ದಂಡೋತಿ, ಕಾಗಿಣಾ ದಂಡೆ, ಸುಮಾರು 400 ಮೀಟರ್. ನಮಗಂತೂ ಮುಳ್ಳಯ್ಯನಗಿರಿಯೇ ಹಿಮಾಲಯ. ಜಿಮ್ಮಿಗೆ ಹೋಗೋನಿಗೂ ಹೋಗದವನಿಗೂ ತಲೆನೋವು ಒಂದೇ ಥರ ಬರುತ್ತೆ. ಗಟ್ಟಿ ಕಾಲಿನವನು ಬೇಗ ಬೇಗ ಹತ್ತೋದ್ರಿಂದ ಅವನಿಗೇ ಸ್ವಲ್ಪ ಜಾಸ್ತಿ ಅಪಾಯ.

ಡಾಕ್ಟರ್‌ಗಳು ಹೇಳೋ ನಿಯಮ ಕಷ್ಟದ್ದಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೀಬೇಕು. ತಲೆನೋವು, ವಾಕರಿಕೆ ಇದ್ರೆ ಮೇಲೆ ಹೋಗಬಾರದು. ನಡೆಯುವಾಗ ತೂರಾಡಿದ್ರೆ, ಸುಮ್ನೆ ಕೂತಾಗಲೂ ಏದುಸಿರು ಬಂದ್ರೆ ಬೆಳಗಾಗೋದನ್ನ ಕಾಯದೆ ಇಳೀಬೇಕು. ಮಿದುಳಿನಲ್ಲಿ ಇಲ್ಲವೇ ಶ್ವಾಸಕೋಶದಲ್ಲಿ ನೀರು ತುಂಬ್ತಿರಬಹುದು, ಅದು ಜೀವ ತೆಗೆಯುತ್ತೆ. ಮಾತ್ರೆ ಇದೆಯಲ್ಲ ಅಂತೀರಾ, ಇದೆ. ಡಾಕ್ಟರ್ ಕೇಳಿ ತಗೊಳ್ಳಿ. ಆದ್ರೆ ಅದು ರಜೆಯ ದಿನ ಹೆಚ್ಚು ಮಾಡಲ್ಲ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ಕರ್ನಾಟಕದ 9 ಜನ ತೀರಿಕೊಂಡರು. ಅದು ಹಿಮಗಾಳಿಯಿಂದ ಆದದ್ದು, ನಾನು ಹೇಳ್ತಿರೋ ಕಾಯಿಲೆಯಿಂದ ಅಲ್ಲ. ಆದ್ರೂ ಆ ಸುದ್ದಿ ನೋಡಿದ ಅವ್ವ ಅಪ್ಪ 'ಬ್ಯಾಡ' ಅಂದ್ರೆ ಅದನ್ನ ಹಳೇ ಕಾಲದ ಭಯ ಅಂತ ನಗೋಕೆ ನನಗಾಗಲ್ಲ. 'ಎರಡು ದಿನ ಜಾಸ್ತಿ ಇಟ್ಟಿದ್ದೀವಿ' ಅಂತ ಪ್ಲ್ಯಾನ್ ತೋರಿಸೋದು ಅವರಿಗೆ ಕೊಡಬಹುದಾದ ನೇರ ಉತ್ತರ.

ಇನ್ನು 'ಬರೀ ಅಂಗಡಿ' ಅನ್ನೋ ಮಾತು. ನಾಮ್ಚೆ ಶೆರ್ಪಾಗಳ ವ್ಯಾಪಾರದ ಊರು. ಟಿಬೆಟಿನವರು ನಂಗ್ಪಾ ಲಾ ಕಣಿವೆ ದಾಟಿ ಉಪ್ಪು, ಉಣ್ಣೆ ತರ್ತಿದ್ರು, ಕೆಳಗಿನಿಂದ ಧಾನ್ಯ ಮೇಲೆ ಬರ್ತಿತ್ತು. ಇವತ್ತಿಗೂ ಅಲ್ಲಿ ಶನಿವಾರ ಸಂತೆ. ಅಲ್ಲಿಗೆ ಲಾರಿ ಹೋಗೋ ರಸ್ತೆ ಇಲ್ಲ, ಅಕ್ಕಿ, ಮೊಟ್ಟೆ, ಗ್ಯಾಸ್ ಸಿಲಿಂಡರ್ ಎಲ್ಲಾ ಬರೋದು ಹೆಚ್ಚಾಗಿ ಮನುಷ್ಯರ ಬೆನ್ನ ಮೇಲೆ, ಇಲ್ಲ ಹೇಸರಗತ್ತೆ, ಯಾಕ್ ಜಾತಿಯ ದನಗಳ ಮೇಲೆ. ಹಾಗಾಗಿ ಪ್ರತಿ ಊರು ಮೇಲಕ್ಕೆ ಹೋದ ಹಾಗೆ ಒಂದು ಪ್ಲೇಟ್ ದಾಲ್‌ಭಾತ್ ರೇಟೂ ಏರುತ್ತೆ. ಇದನ್ನ 'ಟೂರಿಸ್ಟ್ ಲೂಟಿ' ಅಂತ ರಿವ್ಯೂ ಬರೆಯೋರನ್ನ ಒಂದ್ಸಲ ಮಳೆಗಾಲದಲ್ಲಿ ನಮ್ಮೂರಿಗೆ ಕರ್ಕೊಂಡು ಬರಬೇಕು. ಕಾಗಿಣಾ ಉಕ್ಕಿ ಸೇತುವೆ ಮುಳುಗಿ ರಸ್ತೆ ಬಂದ್ ಆದಾಗ, ಒಂದು ಕಿಲೋ ಟೊಮೆಟೊ ಈ ದಂಡೆಗೆ ಬರೋಕೆ ಎಷ್ಟು ಸುತ್ತಬೇಕು ಅಂತ ತಿಳಿಯುತ್ತೆ. ನಾಮ್ಚೆಯಲ್ಲಿ ಚೌಕಾಸಿ ಮಾಡೋಕೆ ಮುಂಚೆ ಹೊರೆ ಹೊತ್ತೋನ ಹಣೆಪಟ್ಟಿ ನೋಡಿ. ಕಠ್ಮಂಡುವಿನ ಆಸನ್ ಬಜಾರಿನಲ್ಲಿ ಬೇಕಾದ್ರೆ ಮಾಡಿ. ಆರು ದಾರಿ ಕೂಡೋ ಆ ಚೌಕದಲ್ಲಿ ಮಸಾಲೆ, ಒಣಮೀನು, ಪಾತ್ರೆ ಎಲ್ಲಾ ಇದೆ, ಅವರಿಗೂ ಚೌಕಾಸಿ ಅಭ್ಯಾಸ.

ನಮ್ಮ ಗುಂಪಿನಲ್ಲಿ ಒಂದು ವಾದ ಇನ್ನೂ ಮುಗಿದಿಲ್ಲ: 'ಅಷ್ಟು ರಜೆ ಎಲ್ಲಿ ಸಿಗುತ್ತೆ, ಅಟೆಂಡೆನ್ಸ್ ಏನ್ಮಾಡೋದು?' ಸರಿ, ಸಿಗಲ್ಲ. ಹಾಗಿದ್ರೆ ಬೇಸ್ ಕ್ಯಾಂಪ್ ಬಿಟ್ಟು ನಾಮ್ಚೆಗೇ ಹೋಗಿ, ಎರಡು ರಾತ್ರಿ ಇದ್ದು, ಸಂತೆ ತಿರುಗಿ, ವಾಪಸ್ ಬರೋಣ ಅನ್ನೋದು ನನ್ನ ವೋಟು. ರೀಲ್ಸ್ ಚಿಂತೆ ಇರೋರಿಗೆ ಒಂದು ಮಾತು: ಬೇಸ್ ಕ್ಯಾಂಪಿನಲ್ಲಿ ನಿಂತ್ರೆ ಎವರೆಸ್ಟ್ ತುದಿ ಕಾಣೋದೇ ಇಲ್ಲ, ಮುಂದಿನ ಬೆಟ್ಟ ಅಡ್ಡ ಬರುತ್ತೆ. ನಾಮ್ಚೆಯಿಂದ ಸ್ವಲ್ಪ ಮೇಲಕ್ಕೆ ಹತ್ತಿದ್ರೆ, ಬೆಳಗ್ಗೆ ಮೋಡ ಇಲ್ಲದಿದ್ರೆ, ಕಾಣುತ್ತೆ.