ಬೋನಿನ ಬಾಗಿಲು ತೆರೆದಾಗ

ಕನ್ನಡದಲ್ಲಿ ‘ಬೋನು’ ಎಂದೊಡನೆ ನೆನಪಿಗೆ ಬರುವುದು ಚಿರತೆ, ಇಲ್ಲವೆ ಅಟ್ಟದ ಮೇಲಣ ಇಲಿ. ಹಿಡಿಯಬೇಕಾದ ಪ್ರಾಣಿಗೆ ಬೋನು, ಸಾಕಿದ ಪ್ರಾಣಿಗೆ ಕೊಟ್ಟಿಗೆ, ಹಟ್ಟಿ, ಗೂಡು. ಹೀಗೆ ನಮ್ಮ ಭಾಷೆ ಒಂದು ವಿಂಗಡಣೆಯನ್ನು ಮಾಡಿಕೊಂಡಿದೆ. ನಾಯಿಗಂತೂ ಜಗಲಿಯೇ ಮನೆ, ಊರೇ ಅಂಗಳ. ಕ್ರಿ.ಶ. 949-50ರ ಆತಕೂರು ಶಾಸನ ಸ್ಮರಿಸುವ ‘ಕಾಳಿ’ ಕಾಡುಹಂದಿಯೊಡನೆ ಹೋರಾಡಿ ಮಡಿದ ಬೇಟೆನಾಯಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ‘ಹುಲಿಯ’ ಒಡೆಯ ಗುತ್ತಿಯ ಹಿಂದೆ ಮಲೆಯ ದಾರಿ ಸವೆಸಿದ ನಾಯಿ. ಈಗ ಅವುಗಳ ಬಳಗಕ್ಕೂ ಬೋನು ಬಂದಿದೆ.

ಬಂದುದಕ್ಕೆ ಕಾರಣವಿಲ್ಲದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಅಂಚಿಗೆ ನಾಗರಹೊಳೆಯ ಕಾಡಿದೆ. ಕೃಷ್ಣರಾಜನಗರದ ಕಡೆ ಕಬ್ಬಿನ ಗದ್ದೆಗಳು ಚಿರತೆಗೆ ಮರೆಯಾಗುತ್ತವೆ. ರಾತ್ರಿ ಹೊರಗೆ ಮಲಗಿದ ನಾಯಿ ಅದಕ್ಕೆ ಸುಲಭದ ತುತ್ತು. ಆದುದರಿಂದ ಕತ್ತಲಾಗುತ್ತಲೆ ಮರಿಯನ್ನು ಕಬ್ಬಿಣದ ಜಾಲರಿಯೊಳಗೆ ಸೇರಿಸುವುದುಂಟು. ಪೇಟೆಯಲ್ಲಾದರೆ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ಆ ಬಾಗಿಲು ಮುಚ್ಚುತ್ತದೆ. ಅವರು ಅದನ್ನು ‘ಕ್ರೇಟ್’ ಎನ್ನುತ್ತಾರೆ. ಇದನ್ನು ನಾನು ಕ್ರೌರ್ಯವೆನ್ನಲಾರೆ. ಎಳೆಯ ಕುನ್ನಿ ದಿನದ ಬಹುಪಾಲನ್ನು ನಿದ್ರೆಯಲ್ಲೆ ಕಳೆಯುತ್ತದೆ. ಗಾಳಿಬೆಳಕಿರುವ, ಎದ್ದು ತಿರುಗಿ ಮೈಚಾಚಿ ಮಲಗಲು ಎಡೆಯಿರುವ ಗೂಡು ಅದಕ್ಕೆ ಆಸರೆಯೇ ಸರಿ.

ನನ್ನ ತಕರಾರು ಇರುವುದು ಬಾಗಿಲು ತೆರೆದ ಮೇಲಿನ ಗಳಿಗೆಯನ್ನು ಕುರಿತು. ಹಲವು ಗಂಟೆ ಒಳಗಿದ್ದ ಮೂರು ನಾಲ್ಕು ತಿಂಗಳ ಮರಿ ಬಾಣದಂತೆ ಹೊರಬೀಳುತ್ತದೆ. ರಂಗೋಲಿ ತುಳಿಯುತ್ತದೆ, ಮಗುವಿನ ಲಂಗವನ್ನು ಹಲ್ಲಿನಿಂದ ಹಿಡಿದೆಳೆಯುತ್ತದೆ, ಹಿರಿಯರ ಎದೆಯ ತನಕ ನೆಗೆಯುತ್ತದೆ. ‘ಇದಕ್ಕೆ ಹುಚ್ಚು’ ಎಂದು ಮನೆಯವರು ಒಂದೇಟು ಕೊಟ್ಟು ಮತ್ತೆ ಒಳಗೆ ದೂಡುತ್ತಾರೆ. ಮರುದಿನ ಅದು ಇಮ್ಮಡಿ ನೆಗೆಯುತ್ತದೆ. ಕೂಡಿಟ್ಟಷ್ಟೂ ಕುಣಿತ, ಕುಣಿದಷ್ಟೂ ಕೂಡಿಡುವಿಕೆ! ಈ ಸುತ್ತು ಕೊನೆಗೊಳ್ಳುವುದು ಒಂದೋ ಜೀವಮಾನದ ಸರಪಳಿಯಲ್ಲಿ, ಇಲ್ಲವೆ ಊರಾಚೆಯ ರಸ್ತೆಯಲ್ಲಿ ಬಿಟ್ಟುಬರುವುದರಲ್ಲಿ. ಹುಚ್ಚಿಲ್ಲದ ಪ್ರಾಣಿಗೆ ಹುಚ್ಚೆಂಬ ಹೆಸರಿಟ್ಟು ಬೀದಿಪಾಲು ಮಾಡುವ ಈ ಅನ್ಯಾಯಕ್ಕಾಗಿಯೇ ನಾನು ಇಷ್ಟು ಬರೆಯಬೇಕಾಯಿತು.

ಆ ಕುಣಿತ ದುರ್ಗುಣವಲ್ಲ, ನಾವೇ ಉಳಿಸಿಕೊಂಡ ಬಾಕಿ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ತುಂಬಿದಾಗ ಯಾರೂ ನೀರನ್ನು ಬಯ್ಯುವುದಿಲ್ಲ. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟು ಹದವರಿತು ಬಾಗಿಲೆತ್ತುತ್ತಾರೆ. ಅದೇ ಸೀಮೆಯ ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆಯುತ್ತಿದ್ದಿತು. ಸೆರೆಸಿಕ್ಕ ಕಾಡಾನೆಯನ್ನು ಹೊರತರುವಾಗ ಅದನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಹಗ್ಗವಿರುತ್ತಿತ್ತು, ಪಕ್ಕದಲ್ಲಿ ಪಳಗಿದ ಆನೆಗಳಿರುತ್ತಿದ್ದುವು. ಆ ಪದ್ಧತಿಯ ಕಾಠಿಣ್ಯವನ್ನು ನಾನು ಕೊಂಡಾಡುತ್ತಿಲ್ಲ. ಕಟ್ಟಿಹಾಕಿದ ಶಕ್ತಿ ಬಿಡುಗಡೆಯ ಕ್ಷಣದಲ್ಲಿ ಜೊತೆಗಾರರನ್ನು ಬೇಡುತ್ತದೆಂಬ ತಿಳಿವು ಮಾತ್ರ ಅದರಲ್ಲಿದ್ದಿತು. ಆನೆಗೆ ಸಂದ ಆ ಎಚ್ಚರ ಮೊಳದುದ್ದದ ಕುನ್ನಿಗೆ ಸಲ್ಲಬಾರದೆ?

ಹಾಗಾದರೆ ಮಾಡಬೇಕಾದುದೇನು? ತೆರೆಯುವವರು ಮೊದಲು ತಾವು ಶಾಂತರಾಗಿರಬೇಕು. ‘ಬಂಗಾರಾ, ಬಂದೆಯಾ!’ ಎಂದು ಕೂಗಿ ಕುಣಿಸಿ, ಕುಣಿದುದಕ್ಕೆ ಬಯ್ಯುವುದು ತರವಲ್ಲ. ಮರಿಯ ನಾಲ್ಕು ಕಾಲೂ ನೆಲದ ಮೇಲಿರುವ ಕ್ಷಣಕ್ಕಾಗಿ ಕಾದು ಚಿಲಕ ತೆಗೆಯಬೇಕು. ನೆಗೆದರೆ ಕೈಯನ್ನು ಹಿಂದೆಗೆಯಬೇಕು. ಸುಮ್ಮನಿದ್ದರೆ ಬಾಗಿಲು ತೆರೆಯುತ್ತದೆಂಬ ಪಾಠವನ್ನು ಅದು ಕೆಲವೇ ದಿನಗಳಲ್ಲಿ ಕಲಿತೀತು. ಕುತ್ತಿಗೆಗೆ ಹಗ್ಗ ಹಾಕಿ ನೇರವಾಗಿ ಅಂಗಳಕ್ಕೆ ಒಯ್ದರೆ ಮೂತ್ರಬಾಧೆಯ ತಳಮಳ ಮೊದಲು ಕಳೆಯುತ್ತದೆ. ಬಳಿಕ ಅದು ಮೂಸಿದಷ್ಟು ಹೊತ್ತೂ ಮೂಸಲಿ. ನಾಯಿಗೆ ಮೂಗೇ ಓದು. ಬೇಲಿಯ ಬುಡದಲ್ಲಿ ಅದು ಓದುವ ವಾರ್ತೆಗಳು ನಮ್ಮ ಪತ್ರಿಕೆಗಿಂತ ಹೆಚ್ಚು. ಊಟದ ಒಂದು ಪಾಲನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸುವುದು, ಕಡಿಯಲು ಗಟ್ಟಿಯಾದ ಬಟ್ಟೆಯ ಗಂಟು ಕೊಡುವುದು, ಹಲ್ಲು ಕೈಗೆ ತಗುಲಿದೊಡನೆ ಆಟವನ್ನು ನಿಲ್ಲಿಸುವುದು. ಇವಕ್ಕೆ ಹಣ ಬೇಕಿಲ್ಲ. ಈ ಆಟದ ನಂತರ ಮರಿ ತಾನಾಗಿಯೇ ಮಲಗುತ್ತದೆ.

ಸೈಕಲ್ಲಿನ ಹಿಂದೆ ಓಡಿಸಿ ದಣಿಸಿದರೆ ಸಾಲದೆ ಎನ್ನುವವರುಂಟು. ಎಳೆಯ ಮೂಳೆಗೆ ಅದು ಹಾನಿ. ಮೇಲಾಗಿ, ಅತಿಯಾಗಿ ದಣಿದ ಮರಿ ನಿದ್ರೆಗೆಟ್ಟ ಮಗುವಿನಂತೆ ಇನ್ನಷ್ಟು ಕಚ್ಚುತ್ತದೆ. ಸಮಯವೆಲ್ಲಿದೆ ಎನ್ನುವವರಿಗೆ ನನ್ನ ಉತ್ತರ ಕಠಿಣವಾಗಿ ತೋರಬಹುದು: ಅರ್ಧ ಗಂಟೆಯೂ ಇಲ್ಲದವರು ನಾಯಿಯನ್ನು ತಾರದಿರುವುದೇ ಲೇಸು. ಸದಾ ಕಟ್ಟಿದ ಅಥವಾ ಕೂಡಿಟ್ಟ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅಪರಾಧಗಳ ಸಾಲಿನಲ್ಲಿ ಸೇರಿಸಿದೆ. ಕಾನೂನಿಗೆ ಅಂಜಿ ಮಾಡುವುದಕ್ಕಿಂತ ನ್ಯಾಯವನ್ನು ಅರಿತು ಮಾಡುವುದು ಮೇಲು.

ಕೊನೆಯ ಗಂಟೆ ಬಾರಿಸಿದಾಗ ಕಾಲೇಜಿನ ಮೊಗಸಾಲೆಯಲ್ಲಿ ಏಳುವ ಗದ್ದಲವನ್ನು ಯಾವ ವಿವೇಕಿ ಅಧ್ಯಾಪಕನೂ ದ್ರೋಹವೆಂದು ಬಗೆಯುವುದಿಲ್ಲ. ಐದು ಗಂಟೆ ಬೆಂಚಿನ ಮೇಲೆ ಕೂರಿಸಿದವರು ನಾವೇ ಎಂಬುದು ಅವನಿಗೆ ಗೊತ್ತು. ಆ ಗದ್ದಲಕ್ಕೆ ಆಟದ ಮೈದಾನವನ್ನು ಒದಗಿಸುವುದು ವಿದ್ಯಾಶಾಲೆಯ ಕರ್ತವ್ಯವಾಗಿರುವಂತೆ, ಕುನ್ನಿಯ ಕುಣಿತಕ್ಕೆ ಅಂಗಳವನ್ನೂ ತಾಳ್ಮೆಯನ್ನೂ ಒದಗಿಸುವುದು ಮನೆಯ ಕರ್ತವ್ಯ. ಚಿರತೆಯ ಭಯದಿಂದಲೋ ನೌಕರಿಯ ನಿರ್ಬಂಧದಿಂದಲೋ ಚಿಲಕ ಹಾಕುವವರು ಹಾಕಲಿ. ಅದನ್ನು ತೆಗೆದ ಮೇಲಿನ ಅರ್ಧ ಗಂಟೆಯೂ ತಮ್ಮದೇ ಹೊಣೆಯೆಂದು ತಿಳಿಯಲಿ.