‘ಅಮ್ಮ ಬಂತು’ ಅನ್ನುವ ಮಕ್ಕಳಿಗೆ 2025ರ ಹಾಡುಗಳು ಕೊಟ್ಟಿದ್ದೇನು?

2025 ಕನ್ನಡ ಸಿನಿಮಾ ಹಾಡುಗಳಿಗೆ ಒಳ್ಳೆಯ ವರ್ಷವೋ ಕೆಟ್ಟ ವರ್ಷವೋ? ಬೆಂಗಳೂರಿನ ಗೆಳೆಯರನ್ನು ಕೇಳಿದರೆ ಒಳ್ಳೆಯದೇ ಅಂತಾರೆ. 2024ರಲ್ಲಿ ಅರ್ಧ ವರ್ಷ ಚಿತ್ರಮಂದಿರಗಳು ಬಿಕೋ ಅಂತಿದ್ದವು, 2025ರಲ್ಲಿ ‘ಸು ಫ್ರಮ್ ಸೋ’ ಬಂತು, ‘ಕಾಂತಾರ ಚಾಪ್ಟರ್ 1’ ಬಂತು, ‘ಬ್ಯಾಂಗಲ್ ಬಂಗಾರಿ’ಗೆ ಊರೂರೇ ಕುಣಿಯಿತು, ಇನ್ನೇನು ಬೇಕು ಅಂತ ನಮ್ಮನ್ನೇ ಕೇಳ್ತಾರೆ. ಅವರ ಲೆಕ್ಕ ಅವರಿಗೆ ಸರಿ. ಆದರೆ ರಾಯದುರ್ಗದಲ್ಲೋ ಮಡಕಶಿರದಲ್ಲೋ ಕನ್ನಡ ಮಾಧ್ಯಮದ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತವರ ಲೆಕ್ಕ ಬೇರೆ. ನನ್ನ ಲೆಕ್ಕದಲ್ಲಿ 2024 ಒಳ್ಳೆಯ ವರ್ಷ, 2025 ನಷ್ಟದ ವರ್ಷ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ವ್ಯಾಕರಣ ಸಹಿಸಿಕೊಳ್ಳಬೇಕು.

ನಮ್ಮ ಮಕ್ಕಳ ನೋಟ್‌ಬುಕ್ಕು ತಿದ್ದುವ ಶಿಕ್ಷಕರಿಗೆಲ್ಲ ಒಂದು ತಪ್ಪು ಚೆನ್ನಾಗಿ ಗೊತ್ತು. ‘ಅಮ್ಮ ಬಂತು’, ‘ಅಕ್ಕ ಅಡುಗೆ ಮಾಡಿತು’, ‘ಸೀತೆ ಕಾಡಿಗೆ ಹೋಯಿತು’. ಮೊದಲ ಸಲ ನೋಡಿದವರು ನಗುತ್ತಾರೆ. ನಗುವಂಥದ್ದೇನಿಲ್ಲ. ತೆಲುಗಿನಲ್ಲಿ ಅಮ್ಮ ಬಂದರೂ ‘ವಚ್ಚಿಂದಿ’, ಹಸು ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಹಾಗಲ್ಲ, ಬಂದಳು ಬೇರೆ, ಬಂದಿತು ಬೇರೆ. ಬೀದಿಯಲ್ಲಿ ದಿನವೆಲ್ಲ ತೆಲುಗು ಆಡಿ ತರಗತಿಗೆ ಬಂದು ಕೂತ ಮಗುವಿಗೆ ಈ ‘ಳು’ ಎಲ್ಲಿಂದ ಬರಬೇಕು?

ಮಡಕಶಿರದ ಅಗಳಿ, ರೊಳ್ಳ, ಅಮರಾಪುರದ ಕಡೆ ಈ ತೊಂದರೆ ಕಡಿಮೆ, ಅಲ್ಲಿ ಮನೆಯಲ್ಲೇ ಕನ್ನಡ ಇದೆ. ಸುತ್ತ ಪಾವಗಡ, ಶಿರಾ, ಮಧುಗಿರಿ. ರಾಯದುರ್ಗ ಪಟ್ಟಣದಲ್ಲಿ ಮಾತ್ರ ಎರಡೂ ಕಲಸಿಹೋಗಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಗಿ ರಾಯದುರ್ಗ, ಆಲೂರು, ಆದವಾನಿ ಆಂಧ್ರಕ್ಕೆ ಉಳಿದ ಮೇಲೆ ಅದು ಕಲಸುತ್ತಲೇ ಬಂದಿದೆ. ಅದರ ಬಗ್ಗೆ ನನಗೆ ಕೋಪವಿಲ್ಲ, ಎರಡು ಭಾಷೆ ಬರುವ ಮಗು ಶ್ರೀಮಂತ ಮಗುವೇ. ಒಂದು ಭಾಷೆಯ ಜೇಬು ತೂತಾಗಬಾರದು, ಅಷ್ಟೇ ನನ್ನ ಚಿಂತೆ.

ಇದಕ್ಕೂ ಸಿನಿಮಾ ಹಾಡಿಗೂ ಏನು ಸಂಬಂಧ ಅಂತೀರಾ? ಸಂಬಂಧ ದೊಡ್ಡದೇ ಇದೆ. ಪಠ್ಯಪುಸ್ತಕದ ಪದ್ಯವನ್ನು ಮಗು ಪರೀಕ್ಷೆಯವರೆಗೆ ನೆನಪಿಡುತ್ತದೆ, ಸಿನಿಮಾ ಹಾಡನ್ನು ಸಾಯುವವರೆಗೆ. ಅದೂ ಅಲ್ಲದೆ ನಮ್ಮ ಸಿನಿಮಾ ಹಾಡುಗಳಲ್ಲಿ ಮುಕ್ಕಾಲು ಪಾಲು ಒಬ್ಬ ಹುಡುಗಿಯ ಬಗ್ಗೆ. ಅವಳು ಬಂದಳು, ನಕ್ಕಳು, ತಿರುಗಿ ನೋಡಿದಳು, ಹೋದಳು… ಸ್ತ್ರೀಲಿಂಗದ ಕ್ರಿಯಾಪದ ಕಲಿಸಲು ಇದಕ್ಕಿಂತ ಒಳ್ಳೆಯ ವ್ಯಾಕರಣ ಪುಸ್ತಕ ಯಾವ ಸರ್ಕಾರವೂ ಅಚ್ಚು ಹಾಕಿಸಿಲ್ಲ! 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ಯ ಹಾಡುಗಳನ್ನು 2007 ಪೂರ್ತಿ ಮಕ್ಕಳು ಪಲ್ಲವಿ, ಚರಣ ಸಮೇತ ಹಾಡಿದರಲ್ಲ, ಜಯಂತ ಕಾಯ್ಕಿಣಿ, ಯೋಗರಾಜ ಭಟ್ಟರು ಅಂದರೆ ಯಾರೆಂದು ಗೊತ್ತಿಲ್ಲದೆಯೇ ಅವರ ವಾಕ್ಯಗಳನ್ನು ಇಡಿಯಾಗಿ ನುಂಗಿದರು.

ಈಗ 2024ಕ್ಕೆ ಬರೋಣ. ಆಗಸ್ಟ್ 15ಕ್ಕೆ ತೆರೆಕಂಡ ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’ ಹಾಡು ನೆನಪಿದೆಯಲ್ಲ. ಸಂಗೀತ ಅರ್ಜುನ್ ಜನ್ಯ, ಸಾಹಿತ್ಯ ವಿ. ನಾಗೇಂದ್ರ ಪ್ರಸಾದ್, ಹಾಡಿದ್ದು ಪಂಜಾಬಿ ಹುಡುಗ ಜಸ್ಕರಣ್ ಸಿಂಗ್. ಆ ಹಾಡಿನಲ್ಲಿ ‘ಓಳೆ’ ಅಂತ ಮುಗಿಯುವ ಪದಗಳ ಮಾಲೆಯೇ ಇದೆ, ಹೆಣ್ಣನ್ನು ಕರೆಯುವ ಅಚ್ಚ ಕನ್ನಡದ ಪ್ರತ್ಯಯ. ಅದೇ ಹಾಡು ಹೇಳಿಕೊಂಡು ಓಡಾಡುತ್ತಿದ್ದ ಆರನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ, “ಸಾರ್, ದ್ವಾಪರ ಅಂದ್ರೆ ಊರಾ?” ಅಂತ. ನಾಲ್ಕು ಯುಗಗಳ ಪಾಠ ಅವತ್ತು ತಾನಾಗಿಯೇ ಆಯಿತು. ‘ದಾಟುತ’ ಅಂದರೇನು ಅಂತ ಇನ್ನೊಬ್ಬಳು ಕೇಳಿದಳು, ‘ದಾಟುತೂ’ ಅಂತ ತೆಲುಗಿನಲ್ಲಿ ಅಂತೀವಲ್ಲ, ಅದರ ಅಕ್ಕ ಇದು ಅಂದೆ. ಒಂದು ಹಾಡಿನಿಂದ ಮೇಷ್ಟ್ರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಅದೇ ವರ್ಷ ಮಾರ್ಚಿನಲ್ಲಿ ‘ಕರಟಕ ದಮನಕ’ದ ‘ಹಿತಲಕ ಕರಿಬ್ಯಾಡ ಮಾವ’ ಬಂದಿತ್ತು. ಅರ್ಥ ಕೇಳಬೇಡಿ, ಶಾಲೆಯ ವೇದಿಕೆಗೆ ಅದು ಹೊಂದುವುದಿಲ್ಲ ಅಂತ ನಾನೇ ಬೇಡ ಅಂದಿದ್ದೆ. ಆದರೆ ಹೆಸರಿನಲ್ಲೇ ನೋಡಿ, ‘ಕರಿಬ್ಯಾಡ’. ಅದು ನಮ್ಮ ರಾಯದುರ್ಗದ ಅಜ್ಜಿಯರ ಕ್ರಿಯಾಪದ. ಡಿ. ಹಿರೇಹಾಳದ ಕಡೆಯ ಹುಡುಗಿಯೊಬ್ಬಳು “ಸಾರ್, ಇದು ನಮ್ಮನೇ ಮಾತು” ಅಂದಾಗ ಅವಳ ಮುಖದಲ್ಲಿ ಇದ್ದ ಹೆಮ್ಮೆಯನ್ನು ಯಾವ ರಾಜ್ಯೋತ್ಸವ ಭಾಷಣವೂ ತರಿಸಿರಲಿಲ್ಲ.

2025ಕ್ಕೆ ಬಂದರೆ, ಜುಲೈ 18ರ ಶುಕ್ರವಾರ ಒಂದೇ ದಿನ ಎರಡು ಸಿನಿಮಾ ಬಿಡುಗಡೆಯಾದವು. ಒಂದು ಯುವ ರಾಜ್‌ಕುಮಾರ್ ಅವರ ‘ಎಕ್ಕ’, ಅದರಲ್ಲಿ ಚರಣ್ ರಾಜ್ ಸಂಗೀತದ ‘ಬ್ಯಾಂಗಲ್ ಬಂಗಾರಿ’. ಇನ್ನೊಂದು ನಮ್ಮ ಪಕ್ಕದ ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿಯವರ ಮಗ ಕಿರೀಟಿಯ ‘ಜೂನಿಯರ್’, ಕನ್ನಡ ತೆಲುಗು ಎರಡರಲ್ಲೂ. ಅದರಲ್ಲಿ ದೇವಿಶ್ರೀ ಪ್ರಸಾದರ ‘ವೈರಲ್ ವಯ್ಯಾರಿ’, ಕುಣಿದದ್ದು ಶ್ರೀಲೀಲಾ. 2019ರಲ್ಲಿ ‘ಕಿಸ್’ ಅನ್ನುವ ಕನ್ನಡ ಸಿನಿಮಾದಿಂದ ಬಂದ ಹುಡುಗಿ, ಈಗ ತೆಲುಗರ ಮನೆಮಗಳು. ಎರಡೂ ಹಾಡು ಗಡಿಯ ಎರಡೂ ಬದಿ ಸಿಡಿದವು. ತೆಲುಗು ಮಾಧ್ಯಮದ ಮಕ್ಕಳೂ ‘ಬ್ಯಾಂಗಲ್ ಬಂಗಾರಿ’ಗೆ ಹೆಜ್ಜೆ ಹಾಕುತ್ತಿದ್ದರು. ಅಬ್ಬಾ, ಒಂದು ಸಲವಾದರೂ ಕನ್ನಡದ ಹಾಡು ನಮ್ಮಿಂದ ಆ ಕಡೆಗೆ ಹೋಯಿತಲ್ಲ ಅಂತ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಯಾಕೆ ಹೋಯಿತು ಅಂತ ಯೋಚಿಸಿ. ‘ಬಂಗಾರ’ ಕನ್ನಡಕ್ಕೂ ತೆಲುಗಿಗೂ ಒಂದೇ. ‘ಬ್ಯಾಂಗಲ್’ ಇಂಗ್ಲಿಷು. ‘ವಯ್ಯಾರಿ’ ತೆಲುಗಿನಲ್ಲಿ ವಯ್ಯಾರಿ, ನಮ್ಮಲ್ಲಿ ಒಯ್ಯಾರಿ. ‘ವೈರಲ್’ ಬಗ್ಗೆ ಹೇಳುವುದೇ ಬೇಡ. ನಾಮಪದಗಳಿಗೆ ಗಡಿ ಇಲ್ಲ, ಅವು ಬಸ್ ಟಿಕೆಟ್ ಇಲ್ಲದೆ ಹೋಗಿ ಬರುತ್ತವೆ. ಕನ್ನಡ ಕನ್ನಡವಾಗುವುದು ವಾಕ್ಯದ ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ. ಅದೇ ಹಾಡಿನಿಂದ ಬಿದ್ದುಹೋಗುತ್ತಿದೆ.

ಇದರಲ್ಲಿ ಕವಿಗಳ ತಪ್ಪು ಕಡಿಮೆ. ‘ಬ್ಯಾಂಗಲ್ ಬಂಗಾರಿ’ ಬರೆದ ನಾಗಾರ್ಜುನ ಶರ್ಮ ಚರಣಗಳನ್ನು ಬರೆದೇ ಇದ್ದಾರೆ. ಆದರೆ ಮಕ್ಕಳ ಕೈಗೆ ಸಿಕ್ಕಿದ್ದು ರೀಲ್ಸ್‌ನ ಮೂವತ್ತು ಸೆಕೆಂಡು, ಅಂದರೆ ಆ ಹುಡುಗಿಯ ಹೆಸರು ಕರೆಯುವ ತುಣುಕು ಮಾತ್ರ. ನಮ್ಮ ಏಳನೇ ತರಗತಿಯವರಿಗೆ ಆ ಹಾಡಿನ ಹೆಜ್ಜೆಗಳೆಲ್ಲ ಬರುತ್ತವೆ, ಕೈ ಎಲ್ಲಿ, ಸೊಂಟ ಎಲ್ಲಿ ಅಂತ ಕರಾರುವಾಕ್ಕಾಗಿ. ಮೊದಲ ಚರಣ ಹೇಳಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಾಡು ಬಾಯಿಂದ ಕಾಲಿಗೆ ಇಳಿದುಬಿಟ್ಟಿದೆ! ಅಂದ ಹಾಗೆ, ಅದೇ 2025ರ ಜುಲೈನಲ್ಲೇ ಯೂಟ್ಯೂಬ್ ತನ್ನ ‘ಟ್ರೆಂಡಿಂಗ್’ ಪುಟವನ್ನು ತೆಗೆಯುತ್ತೇನೆ ಅಂತ ಹೇಳಿತು. ಯಾವ ಹಾಡು ಮೊದಲನೆಯದು, ಯಾವುದು ಹತ್ತನೆಯದು ಅಂತ ಇಡೀ ಊರು ಒಟ್ಟಿಗೆ ನೋಡುವ ಒಂದು ಪಟ್ಟಿಯೂ ಹೋಯಿತು, ಈಗ ಒಬ್ಬೊಬ್ಬರ ಫೋನಿಗೆ ಒಂದೊಂದು ಪಟ್ಟಿ. ತಂದೆಯ ಕಾಲದಲ್ಲಿ ಟ್ರಾನ್ಸಿಸ್ಟರ್ ಕಿವಿ ತಿರುವಿ ಭದ್ರಾವತಿ ಕೇಂದ್ರ ಹಿಡಿದು ಕೋರಿಕೆ ಹಾಡು ಕೇಳುತ್ತಿದ್ದಾಗ ಇಡೀ ಓಣಿಗೆ ಒಂದೇ ಹಾಡು.

ಇನ್ನು ‘ಕಾಂತಾರ ಚಾಪ್ಟರ್ 1’. ಅಕ್ಟೋಬರ್ 2ಕ್ಕೆ ಬಂತು, ನೂರಾರು ಕೋಟಿ ಗಳಿಸಿತು, ಕನ್ನಡಿಗರೆಲ್ಲ ಎದೆ ಉಬ್ಬಿಸಿದರು. ಅದರ ‘ಬ್ರಹ್ಮಕಲಶ’ ಹಾಡಿನಲ್ಲಿ ಶಶಿರಾಜ್ ಕಾವೂರರ ಸಾಹಿತ್ಯ ಗಟ್ಟಿ, ಅಜನೀಶ್ ಲೋಕನಾಥರ ಸಂಗೀತವೂ ಗಟ್ಟಿ. 2025ರ ಪಟ್ಟಿಯಲ್ಲಿ ನಾನು ಮನಸಾರೆ ಮೆಚ್ಚಿದ ಹಾಡು ಅದೊಂದೇ. ಆದರೆ ನಮ್ಮ ಮಕ್ಕಳು ಆ ಸಿನಿಮಾ ನೋಡಿದ್ದು ತೆಲುಗಿನಲ್ಲಿ. ಹಿಂದೆ ‘ಕೆಜಿಎಫ್’, ಮೊದಲ ‘ಕಾಂತಾರ’ ನೋಡಿದ್ದೂ ಹಾಗೆಯೇ. ಕನ್ನಡದ ಅತಿ ದೊಡ್ಡ ಸಿನಿಮಾ ಕನ್ನಡ ಮಾಧ್ಯಮದ ಮಗುವಿನ ಊರಿಗೆ ತೆಲುಗು ಮಾತಾಡಿಕೊಂಡು ಬರುತ್ತದೆ. ಥಿಯೇಟರಿನವರನ್ನು ಬೈದು ಪ್ರಯೋಜನವಿಲ್ಲ, ಟಿಕೆಟ್ ಯಾವುದಕ್ಕೆ ಹರಿಯುತ್ತದೋ ಅದನ್ನು ಹಾಕುತ್ತಾರೆ. ನವೆಂಬರ್ 1ಕ್ಕೆ (ನಮಗೆ ಆ ದಿನ ಎರಡು ಹಬ್ಬ, ಅತ್ತ ಕರ್ನಾಟಕ ರಾಜ್ಯೋತ್ಸವ, ಇತ್ತ ಆಂಧ್ರ ಪ್ರದೇಶ ಅವತರಣ ದಿನ) ಒಬ್ಬ ಹುಡುಗ ಉತ್ಸಾಹದಿಂದ ‘ಬ್ರಹ್ಮಕಲಶ’ ಹಾಡ್ತೀನಿ ಸಾರ್ ಅಂತ ಎದ್ದುನಿಂತ. ಚೆನ್ನಾಗಿಯೇ ಹಾಡಿದ. ಪೂರ್ತಿ ತೆಲುಗಿನಲ್ಲಿ! ನಾವೆಲ್ಲ ಚಪ್ಪಾಳೆ ಹೊಡೆದೆವು, ಇನ್ನೇನು ಮಾಡೋಣ.

ಹಾಗಂತ ತೆಲುಗಿನವರ ಹಾಡೂ ಇದೇ ಗತಿಯಾಗಿದೆಯೇ ಅಂದರೆ ಇಲ್ಲ, ಅದೇ ಹೊಟ್ಟೆಕಿಚ್ಚಿನ ವಿಷಯ. 2025ರ ಸಂಕ್ರಾಂತಿಗೆ ಬಂದ ‘ಸಂಕ್ರಾಂತಿಕಿ ವಸ್ತುನ್ನಾಂ’ ಸಿನಿಮಾದ ‘ಗೋದಾರಿ ಗಟ್ಟು’ ಹಾಡು ಕೇಳಿ. ಗಂಡ ಹೆಂಡಿರ ಮಾತುಕತೆ, ಮಾತಿಗೆ ಮಾತು. ರಮಣ ಗೋಗುಲ ಎಷ್ಟೋ ವರ್ಷದ ನಂತರ ಬಂದು ಹಾಡಿದರು, ಜೊತೆಗೆ ಮಧುಪ್ರಿಯ. ಮಕ್ಕಳಿಗೆ ಅದು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ರೀಲ್ಸ್ ಅದಕ್ಕೂ ಇತ್ತು, ಮೂವತ್ತು ಸೆಕೆಂಡು ಅದಕ್ಕೂ ಇತ್ತು. ಆದರೆ ಆ ಮೂವತ್ತು ಸೆಕೆಂಡಿನೊಳಗೆ ವಾಕ್ಯ ಇತ್ತು. ಹಾಗಾಗಿ ಕಾಲ ಕೆಟ್ಟಿದೆ, ಫೋನ್ ಕೆಡಿಸಿದೆ ಅಂತ ಸುಮ್ಮನೆ ಕೈತೊಳೆದುಕೊಳ್ಳುವ ಹಾಗಿಲ್ಲ.

ಬೆಂಗಳೂರಿನಲ್ಲಿ 2025ರಲ್ಲಿ ಹಾಡಿನ ಬಗ್ಗೆ ನಡೆದ ದೊಡ್ಡ ಗಲಾಟೆ ಹಾಡುವವರ ಬಗ್ಗೆ ಆಗಿತ್ತು. ಏಪ್ರಿಲ್‌ನಲ್ಲಿ ಒಂದು ಕಾಲೇಜು ಕಾರ್ಯಕ್ರಮದಲ್ಲಿ ಕನ್ನಡ ಹಾಡು ಕೇಳಿದವರಿಗೆ ಸೋನು ನಿಗಮ್ ಕೊಟ್ಟ ಉತ್ತರ ವಿವಾದವಾಯಿತು, ಫಿಲ್ಮ್ ಚೇಂಬರ್ ಅಸಹಕಾರ ಅಂದಿತು, ಅವರು ಕ್ಷಮೆ ಕೇಳಿದರು, ಒಂದು ಸಿನಿಮಾದಿಂದ ಅವರ ಹಾಡನ್ನು ತೆಗೆದರು. ಆಡಿದ ಮಾತಿಗೆ ಕೋಪ ಬಂದದ್ದು ಸಹಜ. ಆದರೆ ಅದರ ಬಾಲ ಹಿಡಿದು ‘ಹೊರಗಿನವರು ಹಾಡುವುದರಿಂದಲೇ ಕನ್ನಡ ಹಾಡು ಕೆಟ್ಟಿತು’ ಅನ್ನುವ ವಾದ ಬಂತು ನೋಡಿ, ಅದನ್ನು ನಾನು ಒಪ್ಪುವುದಿಲ್ಲ. ರಾಜ್‌ಕುಮಾರ್ ಅವರ ದನಿಯೇ ಆಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು. ಮೂವರೂ ತೆಲುಗರು! ಕನ್ನಡದ ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಹಾಡಿದರು. ‘ದ್ವಾಪರ’ದ ಹುಡುಗ ಪಂಜಾಬಿ, ‘ಬ್ಯಾಂಗಲ್ ಬಂಗಾರಿ’ ಹಾಡಿದ ಆಂಥೋನಿ ದಾಸನ್ ತಮಿಳರು. ಇಬ್ಬರೂ ಹೊರಗಿನವರೇ, ಆದರೂ ಒಂದು ಹಾಡು ನಮ್ಮ ಮಕ್ಕಳ ಬಾಯಲ್ಲಿ ಪದ ಉಳಿಸಿತು, ಇನ್ನೊಂದು ಉಳಿಸಲಿಲ್ಲ. ಹಾಡುವವರ ಊರು ಯಾವುದಾದರೇನು, ಅವರ ಕೈಗೆ ಕೊಟ್ಟ ಹಾಳೆಯಲ್ಲಿ ಏನಿದೆ ಅನ್ನುವುದು ಮುಖ್ಯ.

ಟ್ಯೂನ್ ಎರಡು ಭಾಷೆಗೂ ಒಂದೇ ಆಗುವುದೂ ಹೊಸದಲ್ಲ. ಮೈಸೂರಿನ ರಾಜನ್-ನಾಗೇಂದ್ರ 1974ರ ‘ಎರಡು ಕನಸು’ ಸಿನಿಮಾದ ಧಾಟಿಯನ್ನು ಮರುವರ್ಷ ತೆಲುಗಿನ ‘ಪೂಜ’ಕ್ಕೆ ಕೊಟ್ಟರು. ನಮ್ಮೂರಿನ ಹಿರಿಯರಲ್ಲಿ ಕೆಲವರು ಅದನ್ನು ಕನ್ನಡದಲ್ಲಿ ಗುನುಗುತ್ತಾರೆ, ಕೆಲವರು ತೆಲುಗಿನಲ್ಲಿ, ಎರಡರಲ್ಲೂ ಪೂರ್ತಿ ಸಾಹಿತ್ಯ ಇದೆ. ಈಗ ಐದಾರು ಭಾಷೆಗೆ ಒಟ್ಟಿಗೆ ಹೊಂದಬೇಕು ಅಂತ ಹಾಡು ಕಟ್ಟುವಾಗ ಯಾವ ಭಾಷೆಯಲ್ಲೂ ಅಡ್ಡಿಯಾಗದ ಪದಗಳನ್ನೇ ಹುಡುಕುತ್ತಾರೆ. ನಮ್ಮ ‘ಳು’ ಅಡ್ಡಿಯಾಗುವ ಪದ. ಅದಕ್ಕೇ ಅದು ಮೊದಲು ಹೋಗುತ್ತದೆ.

ಸಿನಿಮಾ ಬಿಟ್ಟರೆ ಒಂದು ಸಮಾಧಾನ ಇದೆ. ರಾಯಬಾಗದ ಕಡೆಯ ಮಾಳು ನಿಪನಾಳ ಅಂಥವರ ಜಾನಪದ ಶೈಲಿಯ ಹಾಡುಗಳು ಟ್ರ್ಯಾಕ್ಟರುಗಳಲ್ಲಿ ಗಟ್ಟಿಯಾಗಿ ಕೇಳುತ್ತವೆ, 2025ರಲ್ಲಿ ಅವರು ಬಿಗ್ ಬಾಸ್‌ಗೂ ಹೋಗಿ ಬಂದರು. ಆ ಹಾಡುಗಳಲ್ಲಿ ವಾಕ್ಯ ಇದೆ, ಜಗಳ ಇದೆ, ಕಥೆ ಇದೆ. ಎಲ್ಲವನ್ನೂ ಶಾಲೆಗೆ ತರಲಾಗುವುದಿಲ್ಲ, ಆದರೆ ಕ್ರಿಯಾಪದ ಇನ್ನೂ ಜೀವಂತ ಇರುವ ಜಾಗ ಅದು.

ಈ ಸಲ ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೇ ತರಗತಿಯವರು ‘ಬ್ಯಾಂಗಲ್ ಬಂಗಾರಿ’ಯೇ ಬೇಕು ಅಂತ ಹಟ ಹಿಡಿದಿದ್ದಾರೆ. ಬೇಡ ಅನ್ನಲಿಲ್ಲ. ಹಾಡಿನ ಸಾಹಿತ್ಯವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಬರೆದು, ಚರಣಗಳನ್ನು ನೋಡದೆ ಒಪ್ಪಿಸಿದವರು ಮಾತ್ರ ವೇದಿಕೆ ಹತ್ತಬಹುದು ಅಂದಿದ್ದೇನೆ. ಹದಿನಾಲ್ಕು ಮಕ್ಕಳಲ್ಲಿ ಇಲ್ಲಿಯವರೆಗೆ ಇಬ್ಬರು ಒಪ್ಪಿಸಿದ್ದಾರೆ. ಮೂರನೆಯವಳು ನಿನ್ನೆ ಬಂದು, “ಸಾರ್, ನಮ್ಮಕ್ಕನೂ ಕಲಿತಳು” ಅಂದಳು.