ಬಂದಾನ, ಬಂದಾನು

ಪದದ ಕೊನೆಯ ಒಂದು ಉಕಾರದಿಂದ ಒಬ್ಬ ತರುಣನ ಕೆಲಸ ಕೈತಪ್ಪಿತೆಂದರೆ ವಾಚಕರು ನಂಬಲಿಕ್ಕಿಲ್ಲ. ನಮ್ಮ ನೆರೆಮನೆಯಲ್ಲೇ ನಡೆದ ಸಂಗತಿಯಾದ್ದರಿಂದ ನಾನು ನಂಬಲೇಬೇಕಾಗಿದೆ.

ಆ ಕುಟುಂಬ ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಿಂದ ಬೆಂಗಳೂರಿಗೆ ಬಂದು ನೆಲೆಸಿದ್ದು. ಮೊಬೈಲ್ ಇನ್ನೂ ಬಾರದ ಕಾಲ, ಮನೆಗೊಂದೇ ದೂರವಾಣಿ. ಊರಿಗೆ ಹೋಗಿದ್ದ ಮೊಮ್ಮಗ ಅಂದು ಬೆಳಗ್ಗೆ ತಾನೇ ಮರಳಿ, ಮಹಡಿಯ ಮೇಲೆ ಮಲಗಿದ್ದ. ಅವನು ಅರ್ಜಿ ಹಾಕಿಕೊಂಡಿದ್ದ ಕಚೇರಿಯೊಂದರಿಂದ ಕರೆ ಬಂತು. ‘ಊರಿನಿಂದ ಬಂದರೇ?’ ಎಂದು ಕೇಳಿದರು. ಆಯಿ (ಆ ಮನೆಯಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ) ‘ಬಂದಾನ್ರಿ’ ಎಂದು ಹೇಳಿ, ರಿಸೀವರನ್ನು ಮೇಜಿನ ಮೇಲಿಟ್ಟು, ಅವನನ್ನು ಎಬ್ಬಿಸಲು ಮೆಟ್ಟಿಲೇರಿದರು. ಆ ಕಡೆಯವರು ಹಳೆಯ ಮೈಸೂರಿನವರು. ಅವರಿಗೆ ಅದು ‘ಬಂದಾನು’ ಎಂದು ಕೇಳಿಸಿತು. ಎಂದರೆ, ಬಂದರೂ ಬರಬಹುದು, ಖಾತ್ರಿಯಿಲ್ಲ. ಹುಡುಗ ಕಣ್ಣುಜ್ಜಿಕೊಂಡು ಇಳಿದು ಬರುವಷ್ಟರಲ್ಲಿ ಕರೆ ಕಡಿದಿತ್ತು. ಹುದ್ದೆ ಇನ್ನೊಬ್ಬನ ಪಾಲಾಯಿತು.

‘ಆಯಿ, ಇನ್ನ ಮ್ಯಾಲ ನೀ ಫೋನ್ ತಗೋಬ್ಯಾಡ’ ಎಂದ ಮೊಮ್ಮಗ. ಆಕೆ ಮತ್ತೆಂದೂ ತೆಗೆದುಕೊಳ್ಳಲಿಲ್ಲ. ಅಷ್ಟೇ ಅಲ್ಲ, ಮನೆಗೆ ಬಂದ ಹೊರಗಿನವರೊಡನೆ ಮಾತನಾಡುವುದನ್ನೂ ಬಿಟ್ಟರು. ಮೊದಲೆಲ್ಲ ನನ್ನನ್ನು ಬಾಗಿಲಲ್ಲೇ ತಡೆದು ಅರ್ಧ ಗಂಟೆ ಹರಟುತ್ತಿದ್ದ ಮುದುಕಿ, ಆಮೇಲೆ ನಕ್ಕು ಒಳಗೆ ಹೋಗುತ್ತಿದ್ದರು. ಇದು ನನಗೆ ಕೆಲಸ ಹೋದುದಕ್ಕಿಂತ ದೊಡ್ಡ ನಷ್ಟವಾಗಿ ಕಂಡಿತು.

ಆಯಿಯ ಮಾತಿನಲ್ಲಿ ತಪ್ಪೇನಿತ್ತು? ಉತ್ತರದ ಕನ್ನಡದಲ್ಲಿ ‘ಬಂದಾನ’ ಎಂದರೆ ‘ಬಂದಿದ್ದಾನೆ’ ಎಂದೇ ಅರ್ಥ. ‘ಎಲ್ಲಿ ಹೋಗ್ಯಾನ?’ ಎಂದರೆ ‘ಎಲ್ಲಿ ಹೋಗಿದ್ದಾನೆ?’ ಎಂದು. ಶಾಲೆಯ ವ್ಯಾಕರಣದಲ್ಲಿ ನಾವು ಸಂಭಾವನಾರ್ಥವೆಂದು ಕಲಿತ ‘ಬಂದಾನು’ ಬೇರೆಯೇ. ‘ರೀ’ ಸೇರಿದೊಡನೆ ಕೊನೆಯ ಸ್ವರ ಜಾರಿ ಎರಡೂ ‘ಬಂದಾನ್ರಿ’ಯೇ ಆಗುವುದರಿಂದ ಮೋಸವಾಯಿತು.

ಈ ‘ಬಂದಾನು’ ಕೂಡ ಒಂದು ಕಾಲದಲ್ಲಿ ಇಷ್ಟು ಅನುಮಾನದ ಮಾತಾಗಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವರ್ತಮಾನ ಕಾಲಕ್ಕೆ ‘ದಪ’ ಎಂಬ ಪ್ರತ್ಯಯವನ್ನು ಹೇಳುತ್ತಾನೆ. ಮಾಡಿದಪಂ ಎಂದರೆ ಮಾಡುತ್ತಾನೆ. ಬಂದಪಂ ಎಂದರೆ ಬರುತ್ತಾನೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟ್ಟೆಲರು, 1903ರ ತಮ್ಮ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ‘ದಪ’ದೊಳಗಿನ ‘ಅಪ’ವು ‘ಆಗು’ ಎಂಬ ಕ್ರಿಯಾಪದದ ಬಂಧುವೆಂದು ವಿದ್ವಾಂಸರು ಹೇಳುತ್ತಾರೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಬಂದಪಂ ಎಂಬುದು ಬಂದಹನು ಆಗಿ, ಹಕಾರವೂ ಸವೆದು ಬಂದಾನು ಆಯಿತೆಂಬುದು ಅವರ ವಿವರಣೆ. ರೂಪ ಸವೆದಂತೆ ಅರ್ಥವೂ ಸವೆದು, ‘ಬರುತ್ತಾನೆ’ ಎಂಬ ನಿಶ್ಚಯ ‘ಬರಬಹುದು’ ಎಂಬ ಊಹೆಗೆ ಇಳಿಯಿತು.

ತೆರವಾದ ವರ್ತಮಾನದ ಪೀಠಕ್ಕೆ ‘ಮಾಡುತ್ತ’ ಎಂಬುದು ಒಂದು ಸಹಾಯಕ ಕ್ರಿಯೆಯನ್ನು ಬೆನ್ನಿಗಂಟಿಸಿಕೊಂಡು ‘ಮಾಡುತ್ತಾನೆ’ಯಾಗಿ ಬಂದು ಕುಳಿತಿತು. ಅದಾದರೂ ಭದ್ರವಾಗಿ ಕುಳಿತಿದೆಯೇ? ‘ನಾಳೆ ಬರುತ್ತೇನೆ’ ಎಂದು ಅದನ್ನು ಭವಿಷ್ಯತ್ತಿಗೂ, ‘ದಿನಾ ಬರುತ್ತಾನೆ’ ಎಂದು ರೂಢಿಗೂ ಎಳೆದಾಡುತ್ತಿದ್ದೇವೆ. ಈ ಕ್ಷಣದ ಕೆಲಸಕ್ಕೆ ಮೈಸೂರಿನವರು ‘ಮಾಡ್ತಾ ಇದ್ದೀನಿ’ ಎಂದು ‘ಇರು’ವನ್ನು ಕರೆದರು. ಉಗಾರದವರು ‘ಹತ್ತು’ವನ್ನು ಕರೆದರು. ಬೆಂಕಿ ಹತ್ತಿತು, ಮಗು ಅಳಲು ಹತ್ತಿತು ಎನ್ನುವೆವಲ್ಲ, ಅದೇ ಹತ್ತು, ಹಳಗನ್ನಡದ ಪತ್ತು. ‘ಮಾಡಲಿಕ್ಕೆ ಹತ್ತೇನೆ’ ಎಂಬುದು ಬಾಯಿಂದ ಬಾಯಿಗೆ ಉರುಳಿ ‘ಮಾಡಾಕತ್ತೇನಿ’ ಆಗಿದೆ. ಇದನ್ನು ಕೇಳಿ ಪೇಟೆಯ ಮಕ್ಕಳು ನಗುವುದುಂಟು. ಅವರ ‘ಮಾಡ್ತೀನಿ’ಯೂ ಹೀಗೆಯೇ ಎರಡು ಪದ ಅರೆದು ಒಂದಾದದ್ದು, ಅರೆದು ಬಹಳ ದಿನವಾದ್ದರಿಂದ ಬೆಸುಗೆ ಕಾಣದು, ಅಷ್ಟೇ.

ದೂರದ ದಕ್ಷಿಣ ಫ್ರಾನ್ಸಿನಲ್ಲೂ ಇದೇ ಕಥೆ. ಅಲ್ಲಿನ ಆಕ್ಸಿಟನ್ ಭಾಷೆಯಲ್ಲಿ ‘ಹಾಡುವೆನು’ ಎನ್ನಲು ‘ಕಂತರಾಯ್’ ಎನ್ನುತ್ತಾರೆ. ಲ್ಯಾಟಿನ್ನಿನ ‘ಹಾಡಲು’ ಎಂಬ ಪದಕ್ಕೆ ‘ಉಳ್ಳವನಾಗಿದ್ದೇನೆ’ ಎಂಬರ್ಥದ ಇನ್ನೊಂದು ಕ್ರಿಯಾಪದ ಅಂಟಿ ಹುಟ್ಟಿದ ರೂಪವಿದು. ನಡುಗಾಲದ ಆಕ್ಸಿಟನ್ನಿನಲ್ಲಿ ಬೆಸುಗೆ ಇನ್ನೂ ಹಸಿಯಾಗಿತ್ತು. ‘ನಿಮಗೆ’ ಎಂಬಂಥ ಸರ್ವನಾಮವನ್ನು ಎರಡರ ನಡುವೆ ತೂರಿಸಬಹುದಾಗಿತ್ತು. ಈಗ ಆ ಸಂದು ಮುಚ್ಚಿಹೋಗಿದೆ.

ಇದನ್ನೆಲ್ಲ ನಾನು ಆ ಮೊಮ್ಮಗನಿಗೆ ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಅವನಿಗೆ ಬೇರೆ ಒಳ್ಳೆಯ ಕೆಲಸ ಸಿಕ್ಕಿತ್ತು. ಆಯಿ ಊರಿಗೆ ಮರಳಿದ್ದರು. ಸುಮ್ಮನೆ ಕೇಳಿಸಿಕೊಂಡ. ‘ಆವಾಗ ಹೇಳಬೇಕಿತ್ತು ನೀವು’ ಎಂದಷ್ಟೇ ಅಂದ. ಅವನ ಮಾತು ಸರಿಯೇ.

ಈಚೆಗೆ ಮೀರಜಿಗೆ ಹೋಗುವ ದಾರಿಯಲ್ಲಿ ಅವರನ್ನು ನೋಡಿಕೊಂಡು ಬಂದೆ. ಪಾರಸಿ ಮೂಲದ ‘ಬುದ್ರುಕ’ವೆಂದರೆ ಹಿರಿದು, ‘ಖುರ್ದ’ವೆಂದರೆ ಕಿರಿದು; ಆದರೂ ರೈಲು ನಿಲ್ದಾಣವೂ ಸಕ್ಕರೆ ಕಾರ್ಖಾನೆಯೂ ಇರುವುದು ಉಗಾರ ಖುರ್ದದಲ್ಲಿ. ಹಿರಿಯ ಉಗಾರಕ್ಕೆ ಹೋಗುವವನು ಕಿರಿಯ ಉಗಾರದಲ್ಲಿ ಇಳಿಯಬೇಕು. ಆಯಿ ಕಟ್ಟೆಯ ಮೇಲೆ ಕುಳಿತು ಯಾರೊಡನೆಯೋ ಗಟ್ಟಿಯಾಗಿ ಮಾತನಾಡುತ್ತಿದ್ದರು. ನನ್ನನ್ನು ಕಂಡು ‘ಬರ್ರಿ, ಕೂಡ್ರಿ’ ಎಂದರು. ಅರ್ಧ ಗಂಟೆಯ ಹಳೆಯ ಹರಟೆ ಮರಳಿ ಬಂತು.

‘ದೀಪಾವಳಿಗೆ ಮೊಮ್ಮಗ ಬರುವನೇ?’ ಎಂದು ಕೇಳಿದೆ.

‘ಬರತೇನಿ ಅಂದಾನ’ ಎಂದರು. ಈ ಸಲ ಕೊನೆಯ ಅಕಾರ ನನಗೆ ಸ್ಪಷ್ಟವಾಗಿ ಕೇಳಿಸಿತು.